ಚೈತ್ರದ ಸಸಿಮಡಿ, ರೋಹಿಣಿಯ ನಾಟಿ: ನಮ್ಮ ಬಡಾವಣೆಗಳಲ್ಲಿ ಕೈತೋಟದ ಕಾಲನಿರ್ಣಯ

ಯುಗಾದಿ ಸಮೀಪಿಸುತ್ತಿದ್ದಂತೆ ರಾಜಾಜಿನಗರ, ಬಸವೇಶ್ವರನಗರಗಳ ಬೀದಿಬದಿಯ ಹೊಂಗೆಯ ಮರಗಳು ಹಳೆಯ ಎಲೆಗಳನ್ನು ಕಳಚಿ, ಕೆಲವೇ ದಿನಗಳಲ್ಲಿ ಮಿರುಗುವ ಎಳೆಹಸುರನ್ನು ಹೊದ್ದು ನಿಲ್ಲುತ್ತವೆ. ಬೇವು ಹೂ ತಳೆಯುತ್ತದೆ, ಮಾವು ಮಿಡಿಗಟ್ಟುತ್ತದೆ. ಈ ಸಂಭ್ರಮವನ್ನು ಕಂಡ ಗೃಹಸ್ಥನಿಗೆ ತಾನೂ ತನ್ನ ಹಿತ್ತಲಿನಲ್ಲಿ ನಾಲ್ಕು ಬೀಜಗಳನ್ನು ಊರಬೇಕೆಂಬ ಆಸೆ ಹುಟ್ಟುವುದು ಸಹಜವೇ ಆಗಿದೆ. ಆದರೆ ಹಾಗೆ ಊರಿದ ಬೀಜಗಳಲ್ಲಿ ಬಹುಪಾಲು ಮೊಳೆತು, ನಾಲ್ಕೆಲೆ ತೋರಿ, ವೈಶಾಖದ ಬಿಸಿಲಿಗೆ ಬಾಡಿಹೋಗುವುದನ್ನೂ ವರ್ಷವರ್ಷವೂ ನೋಡುತ್ತಿದ್ದೇವೆ. ಇದಕ್ಕೆ ಬೀಜವನ್ನಾಗಲಿ, ಬಿತ್ತಿದವರ ಕೈಗುಣವನ್ನಾಗಲಿ ದೂರಿ ಫಲವಿಲ್ಲ. ಮರಗಳ ವಸಂತ ಬೇರೆ, ತರಕಾರಿಯ ವಸಂತ ಬೇರೆ. ಹೊಂಗೆಯ ಬೇರು ಹಿಂದಿನ ವರ್ಷದ ಮಳೆಯ ತೇವವನ್ನು ನೆಲದ ಆಳದಲ್ಲಿ ಹುಡುಕಿಕೊಳ್ಳಬಲ್ಲದು. ಗೇಣುದ್ದವೂ ಇಳಿಯದ ಟೊಮೇಟೊ ಸಸಿಯ ಬೇರಿಗೆ ಆ ಶಕ್ತಿಯಿಲ್ಲ. ಆದುದರಿಂದ ನಮ್ಮ ಊರಿನಲ್ಲಿ ಚೈತ್ರ ವೈಶಾಖಗಳನ್ನು ನೆರಳಿನಲ್ಲಿ ಸಸಿ ಬೆಳೆಸಿಕೊಳ್ಳುವುದಕ್ಕೆ ಮೀಸಲಿಟ್ಟು, ನೆಲದ ಕೆಲಸವನ್ನು ಮಳೆಯ ಕಾಲಕ್ಕೆ ಬಿಡುವುದು ಲೇಸು. ಈ ಮಾತನ್ನು ಉಪಾಧ್ಯಾಯರ, ಹಳೆಯ ವಿದ್ಯಾರ್ಥಿಗಳ ಹಾಗೂ ದಾನಿಗಳ ಮುಂದೆ ಸಕಾರಣವಾಗಿ ಇಡುವುದೇ ಈ ಲೇಖನದ ಉದ್ದೇಶ.

ತೋಟಗಾರಿಕೆಯ ಆಂಗ್ಲ ಗ್ರಂಥಗಳನ್ನು ಓದಿದವರಿಗೆ ಒಂದು ಸೂಚನೆ ಪದೇ ಪದೇ ಕಣ್ಣಿಗೆ ಬಿದ್ದಿರುತ್ತದೆ. ವಸಂತಕ್ಕೆ ಆರೆಂಟು ವಾರ ಮುಂಚಿತವಾಗಿ ಮನೆಯೊಳಗೆ, ಕಿಟಕಿಯ ಬಳಿ, ಬೀಜಗಳನ್ನು ಮೊಳೆಯಿಸಿಕೊಳ್ಳಬೇಕೆಂಬುದೇ ಆ ಸೂಚನೆ. ಅದು ಹಿಮ ಬೀಳುವ ನಾಡಿನವರ ಲೆಕ್ಕ. ಬೆಂಗಳೂರಿನಲ್ಲಿ ದಾಖಲಾಗಿರುವ ಅತ್ಯಂತ ಕಡಿಮೆ ಉಷ್ಣತೆ 1884ನೆಯ ಇಸವಿ ಜನವರಿ 13ರಂದು ಕಂಡ 7.8 ಡಿಗ್ರಿ ಸೆಲ್ಸಿಯಸ್. ಅಂದರೆ ಚಳಿಗೆ ಹೆಪ್ಪುಗಟ್ಟಿ ಸಸಿ ಸಾಯುವ ಭಯ ನಮಗಿಲ್ಲವೇ ಇಲ್ಲ. ನಮ್ಮ ಭಯ ಬಿಸಿಲಿನದು, ಬಾಯಾರಿಕೆಯದು. 2016ರ ಏಪ್ರಿಲ್ ತಿಂಗಳಿನಲ್ಲಿ ಇದೇ ನಗರದ ಉಷ್ಣತೆ 39 ಡಿಗ್ರಿಯನ್ನು ದಾಟಿತ್ತು. ಆದರೂ ಆ ಗ್ರಂಥಗಳ ಉಪಾಯವನ್ನು ತಳ್ಳಿಹಾಕಬೇಕಾದ ಕಾರಣವಿಲ್ಲ. ಅವರು ಸಸಿಯನ್ನು ಆಶ್ರಯದಲ್ಲಿಟ್ಟು ಹಿಮ ಕರಗುವುದನ್ನು ಕಾಯುತ್ತಾರೆ. ನಾವು ಅದೇ ಸಸಿಯನ್ನು ಆಶ್ರಯದಲ್ಲಿಟ್ಟು ಮಳೆ ಬರುವುದನ್ನು ಕಾಯಬೇಕು.

ಮಳೆಯ ಲೆಕ್ಕಕ್ಕೆ ನಮ್ಮ ಹಿರಿಯರು ನಕ್ಷತ್ರಗಳನ್ನು ಹಿಡಿದಿದ್ದರು. ಏಪ್ರಿಲ್ 13-14ರ ಸುಮಾರಿಗೆ ಅಶ್ವಿನಿ, 27ಕ್ಕೆ ಭರಣಿ, ಮೇ 11ಕ್ಕೆ ಕೃತ್ತಿಕೆ, 25ಕ್ಕೆ ರೋಹಿಣಿ, ಜೂನ್ 8ಕ್ಕೆ ಮೃಗಶಿರ ಎಂಬ ಕ್ರಮವು ಇಂದಿಗೂ ಕೆಂಗೇರಿಯ ಆಚೆಯ ಹಳ್ಳಿಗಳ ರೈತನ ನಾಲಗೆಯ ಮೇಲಿದೆ. ಭರಣಿ ಮಳೆ ಸುರಿದರೆ ಧರಣಿಯೆಲ್ಲ ಬೆಳೆ ಎಂಬ ಗಾದೆಯನ್ನು ಕೇಳದವರು ವಿರಳ. ಹವಾಮಾನದ ಅಂಕಿಗಳೂ ಇದನ್ನೇ ಹೇಳುತ್ತವೆ. ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ ಪಡೆಯುವ ಬೆಂಗಳೂರಿಗೆ ಜನವರಿಯಿಂದ ಮಾರ್ಚಿಯವರೆಗಿನ ಮೂರು ತಿಂಗಳಲ್ಲಿ ದೊರೆಯುವುದು ಅತ್ಯಲ್ಪ. ಮೇ ಒಂದೇ ತಿಂಗಳಲ್ಲಿ ನೂರು ಮಿಲಿಮೀಟರಿಗೂ ಮಿಕ್ಕಿ ಬೀಳುವುದು ವಾಡಿಕೆ. ಆದರೆ ಏಪ್ರಿಲ್-ಮೇ ತಿಂಗಳ ಮಳೆ ಗುಡುಗು, ಗಾಳಿ, ಒಮ್ಮೊಮ್ಮೆ ಆಲಿಕಲ್ಲುಗಳೊಡನೆ ಅರ್ಧ ಗಂಟೆ ಆರ್ಭಟಿಸಿ ಹತ್ತು ದಿನ ಮುಖ ತೋರಿಸದ ಮಳೆ. ಎಳೆಯ ಸಸಿಗೆ ಇದರ ಹೊಡೆತವೂ ಕಷ್ಟ, ಇದರ ವಿರಾಮವೂ ಕಷ್ಟ. ರೋಹಿಣಿ ಮೃಗಶಿರಗಳ ಹೊತ್ತಿಗೆ ಮೋಡ ಕವಿದು, ಬಿಸಿಲಿನ ಉರಿ ಇಳಿದು, ಸಸಿ ಕಚ್ಚಿಕೊಳ್ಳುವಂತಹ ಹದ ನೆಲಕ್ಕೆ ಬರುತ್ತದೆ.

ಇನ್ನು ನೀರಿನ ವಿಚಾರ. 2024ರ ಮಾರ್ಚಿಯಲ್ಲಿ ಬೆಂಗಳೂರು ಜಲಮಂಡಲಿಯು ಕುಡಿಯುವ ನೀರನ್ನು ತೋಟಕ್ಕೆ, ವಾಹನ ತೊಳೆಯಲು ಬಳಸಕೂಡದೆಂದು ನಿಷೇಧಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡವನ್ನು ಗೊತ್ತುಪಡಿಸಿತ್ತು. ಕೊಳವೆ ಬಾವಿಗಳು ಬತ್ತಿ, ಟ್ಯಾಂಕರಿಗಾಗಿ ಜನ ಹಗಲಿರುಳು ಕಾದ ಬೇಸಗೆ ಅದು. ಅಂತಹ ಕಾಲದಲ್ಲಿ ಪಾತಿಗೆ ಕೊಳವೆ ಹಿಡಿದು ನಿಲ್ಲುವುದು ಕಾನೂನಿನ ದೃಷ್ಟಿಯಿಂದ ಮಾತ್ರವಲ್ಲ, ನೆರೆಹೊರೆಯ ದೃಷ್ಟಿಯಿಂದಲೂ ಸಲ್ಲದು. ಒಂದು ಸಣ್ಣ ಗಣಿತವನ್ನು ಪರಾಂಬರಿಸಬಹುದು. ನೂರು ಗಿಡಗಳನ್ನು ಏಪ್ರಿಲ್‌ನಲ್ಲಿ ನೆಲದಲ್ಲಿಯೇ ಉಳಿಸಿಕೊಳ್ಳಲು ಗಿಡಕ್ಕೆ ದಿನವಹಿ ಒಂದು ಲೀಟರಿನಂತೆ ಹಿಡಿದರೂ ತಿಂಗಳಿಗೆ 3,000 ಲೀಟರು ಬೇಕು. ಅದೇ ನೂರು ಸಸಿಗಳು 98 ಕುಳಿಗಳ ಒಂದು ಪ್ರೋಟ್ರೇಯಲ್ಲಿ, ನೆರಳಿನಲ್ಲಿ ಇದ್ದರೆ ದಿನಕ್ಕೆ ಎರಡು ಲೀಟರು ಸಾಕು. ತಿಂಗಳಿಗೆ 60 ಲೀಟರು. ಅಕ್ಕಿ ಬೇಳೆ ತೊಳೆದ ನೀರಿನಲ್ಲಿಯೇ ಇದು ಸರಿಹೋಗುತ್ತದೆ. ಒಂದು ಎಚ್ಚರಿಕೆಯ ಮಾತು: ಕೆಂಗೇರಿಯ ಕಡೆ ವೃಷಭಾವತಿಯ ನೀರು ಕೈಗೆಟಕುವಂತಿದ್ದರೂ ಅದನ್ನು ತರಕಾರಿಗೆ ಮುಟ್ಟಿಸಕೂಡದು. ಆ ನೀರಿನಲ್ಲಿ ಬೆಳೆದ ಸೊಪ್ಪು ತರಕಾರಿಗಳಲ್ಲಿ ಭಾರಲೋಹಗಳ ಅಂಶ ಕಂಡುಬಂದಿದೆ.

ಸಸಿ ಎಬ್ಬಿಸುವ ಕ್ರಮವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಬಹುಮಟ್ಟಿನ ನಷ್ಟ ಇಲ್ಲಿಯೇ ಆಗುತ್ತದೆ. ನಮ್ಮ ಕೆಮ್ಮಣ್ಣನ್ನು ಹಾಗೆಯೇ ತುಂಬಿದರೆ ನೀರು ಬಿದ್ದು ಒಣಗಿದಾಗ ಹೆಂಚಿನಂತೆ ಗಟ್ಟಿಯಾಗಿ ಮೊಳಕೆಯನ್ನು ಒಳಗೇ ಅಡಗಿಸುತ್ತದೆ. ತೆಂಗಿನ ನಾರಿನ ಪುಡಿ ಎರಡು ಪಾಲು, ಚೆನ್ನಾಗಿ ಕಳಿತ ಗೊಬ್ಬರ ಒಂದು ಪಾಲು ಸೇರಿಸಿ, ಅದಕ್ಕೆ ಒಂದು ಹಿಡಿ ಬೇವಿನ ಹಿಂಡಿಯನ್ನು ಬೆರೆಸಿದರೆ ಸಾಕು. ಹಸಿ ಸಗಣಿ ಸರ್ವಥಾ ಕೂಡದು. ಬೀಜ ತನ್ನ ದಪ್ಪದ ಎರಡು ಮೂರು ಪಟ್ಟು ಆಳದಲ್ಲಿರಬೇಕು. ದಂಟಿನ ಬೀಜದಂತಹ ನುಣುಪಾದ ಬೀಜವನ್ನು ಒಣಮರಳಿನೊಡನೆ ಬೆರೆಸಿ ಚೆಲ್ಲಿ, ಮೇಲೆ ತೆಳ್ಳಗೆ ಗೊಬ್ಬರ ಉದುರಿಸಬೇಕು. ಬಿತ್ತಿದ ರಾತ್ರಿಯೇ ಇರುವೆಗಳು ಸಾಲುಗಟ್ಟಿ ಬೀಜವನ್ನು ಹೊತ್ತೊಯ್ಯುವುದುಂಟು. ಹಿಂದಿನವರು ಮಡಿಯ ಸುತ್ತ ಅಕ್ಕಿಯ ನುಚ್ಚನ್ನು ಚೆಲ್ಲಿ ಅವಕ್ಕೆ ಬೇರೆ ಊಟವನ್ನೇ ಬಡಿಸಿಬಿಡುತ್ತಿದ್ದರು. ಉಪಾಯ ಸರಳ, ಖರ್ಚೂ ಇಲ್ಲ.

ಟೊಮೇಟೊ ಐದಾರು ದಿನಗಳಲ್ಲಿ, ಬದನೆ ಏಳೆಂಟು ದಿನಗಳಲ್ಲಿ ಮೊಳೆಯುತ್ತದೆ. ಮೆಣಸಿನಕಾಯಿ ಮಾತ್ರ ಹತ್ತು ಹನ್ನೆರಡು ದಿನ ತಾಳ್ಮೆಯನ್ನು ಪರೀಕ್ಷಿಸುತ್ತದೆ. ಮೊಳಕೆ ಕಾಣುವವರೆಗೆ ಗೋಣಿಯ ಹೊದಿಕೆ ಇರಲಿ. ಕಂಡ ದಿನವೇ ಅದನ್ನು ತೆಗೆಯಬೇಕು. ಒಂದು ದಿನ ತಡವಾದರೂ ಸಸಿ ಬೆಳಕನ್ನರಸಿ ನೂಲಿನಂತೆ ಉದ್ದವಾಗಿ ಬಾಗುತ್ತದೆ, ಆಮೇಲೆ ಅದನ್ನು ಸರಿಪಡಿಸಲಾಗದು. ಬುಡ ಕೊಳೆತು ಸಸಿಗಳು ಗುಂಪುಗುಂಪಾಗಿ ಮಲಗಿಬಿಡುವ ರೋಗಕ್ಕೆ ಅತಿನೀರೇ ಮೂಲ. ಮುಂಜಾನೆ ಒಮ್ಮೆ ಸಣ್ಣ ಹನಿಯಲ್ಲಿ ನೀರುಣಿಸಿ ಸಂಜೆ ಮೇಲ್ಮೈ ಒಣಗಲು ಬಿಟ್ಟರೆ, ಜೊತೆಗೆ ಟ್ರೈಕೋಡರ್ಮ ಬೆರೆತ ಗೊಬ್ಬರವನ್ನು ಉಪಯೋಗಿಸಿದರೆ, ಅದರ ಕಾಟ ಬಹಳ ಕಡಿಮೆ. ಬೇಸಗೆಯಲ್ಲಿ ಬಿಳಿನೊಣ ಟೊಮೇಟೊಗೆ ಎಲೆಮುದುಡು ರೋಗವನ್ನು ತಗುಲಿಸುವುದು ಸಸಿಯ ಹಂತದಲ್ಲಿಯೇ. ಇದಕ್ಕೆ ಸಣ್ಣ ಕಣ್ಣಿನ ನೈಲಾನ್ ಬಲೆಯನ್ನೇ ಕಟ್ಟಬೇಕು. ಮನೆಯ ಹಳೆಯ ಸೊಳ್ಳೆಪರದೆಯ ಕಣ್ಣು ಅದನ್ನು ತಡೆಯಲಾರದು. ನಾಟಿಗೆ ಒಂದು ವಾರ ಮುಂಚಿನಿಂದ ನೀರನ್ನು ಸ್ವಲ್ಪ ಹಿಡಿದು, ಬೆಳಗಿನ ಬಿಸಿಲಿಗೆ ದಿನದಿನಕ್ಕೆ ಹೆಚ್ಚು ಹೊತ್ತು ಒಡ್ಡಿ ಸಸಿಯನ್ನು ಗಟ್ಟಿಗೊಳಿಸತಕ್ಕದ್ದು.

ಎಲ್ಲ ಬೀಜಗಳೂ ಈ ಉಪಚಾರವನ್ನು ಬಯಸುವುದಿಲ್ಲ. ಬೆಂಡೆ, ಹುರುಳಿಕಾಯಿ, ಹೀರೆ, ಪಡವಲ, ಸೋರೆ, ಕುಂಬಳಗಳನ್ನು ರೋಹಿಣಿಯಲ್ಲಿ ನೇರವಾಗಿ ಗುಣಿಗೇ ಊರುವುದು ಮೇಲು. ಇವುಗಳ ಬೇರನ್ನು ಕದಲಿಸಿದರೆ ಚೇತರಿಸಿಕೊಳ್ಳಲು ಬಹಳ ದಿನ ಬೇಕು. ಹಾಗಲದ ಬೀಜದ ಸಿಪ್ಪೆ ಗಡಸು. ಒಂದು ಹಗಲು ಒಂದು ರಾತ್ರಿ ನೆನೆಯಿಸಿ ಊರಬೇಕು. ಬೇಸಗೆಯಲ್ಲಿಯೇ ಏನನ್ನಾದರೂ ಬೆಳೆದು ಉಣ್ಣಬೇಕೆಂಬ ಆತುರವುಳ್ಳವರಿಗೆ ದಂಟು ಇದೆ. ಎರಡು ಕುಂಡಗಳಲ್ಲಿ ಬಿತ್ತಿದರೆ ತಿಂಗಳೊಳಗೆ ಒಂದು ಹೊತ್ತಿನ ಹುಳಿಗೆ ಸಾಕಾಗುವಷ್ಟು ಸೊಪ್ಪು ದೊರೆಯುತ್ತದೆ. ಕೊತ್ತಂಬರಿಯನ್ನು ಈ ಕಾಲದಲ್ಲಿ ಹಾಕಿದರೆ ಅದು ಸೊಪ್ಪಾಗುವ ಮೊದಲೇ ಹೂವಿಗೆ ಹೋಗುತ್ತದೆ.

ಅವರೆಯದು ಬೇರೆಯೇ ಕಥೆ. ಬೆಂಗಳೂರಿಗರ ಪ್ರಾಣವೆನಿಸಿದ ಈ ಬಳ್ಳಿಯನ್ನು ಯುಗಾದಿಯಲ್ಲಿ ಊರಿ, ಚಪ್ಪರದ ತುಂಬ ಎಲೆ ಹಬ್ಬಿಸಿ, ಆಷಾಢ ಕಳೆದರೂ ಒಂದು ಹೂವನ್ನೂ ಕಾಣದೆ ಬೇಸತ್ತವರು ಅನೇಕರಿದ್ದಾರೆ. ಗಿಡ ಕೆಟ್ಟಿರುವುದಿಲ್ಲ, ಅದು ಹಗಲನ್ನು ಅಳೆಯುತ್ತಿರುತ್ತದೆ. ನಮ್ಮ ಊರಿನಲ್ಲಿ ಅತಿ ದೀರ್ಘವಾದ ಹಗಲಿಗೂ ಅತಿ ಹ್ರಸ್ವವಾದ ಹಗಲಿಗೂ ಇರುವ ಅಂತರ ಕೇವಲ ಒಂದೂವರೆ ಗಂಟೆ. ಆದರೂ ನಾಟಿ ಅವರೆ ಅದನ್ನರಿತು, ಹಗಲು ಕುಗ್ಗಿದ ಮೇಲೆಯೇ ಹೂಬಿಡುತ್ತದೆ. ಆದ್ದರಿಂದಲೇ ಅದನ್ನು ಮುಂಗಾರಿನಲ್ಲಿ ರಾಗಿಯ ಜೊತೆ ಅಕ್ಕಡಿಯಾಗಿ ಬಿತ್ತಿ, ಮಾಗಿಯ ಮಂಜಿನಲ್ಲಿ ಸೊನೆ ಕಟ್ಟಿದ ಕಾಯಿಯನ್ನು ಸಂಕ್ರಾಂತಿಯ ಆಸುಪಾಸಿನಲ್ಲಿ ಕೊಯ್ಯುವ ಪದ್ಧತಿ ಬೆಳೆದುಬಂದಿತು. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯವು ಹಗಲಿನ ಅಳತೆಗೆ ಕಟ್ಟುಬೀಳದ ಹೆಬ್ಬಾಳ ಅವರೆ 3, ಹೆಬ್ಬಾಳ ಅವರೆ 4 ಎಂಬ ಗಿಡ್ಡ ತಳಿಗಳನ್ನು ಹೊರತಂದ ಬಳಿಕ ವರ್ಷದ ಯಾವ ಕಾಲದಲ್ಲಾದರೂ ಅವರೆ ಬೆಳೆಯುವುದು ಸಾಧ್ಯವಾಗಿದೆ. ಆದರೆ ಸೊಗಡಿನ ವಿಷಯದಲ್ಲಿ ಲೇಖಕನ ಒಲವು ಇನ್ನೂ ಮಾಗಿಯ ಕಾಯಿಯ ಕಡೆಗೇ ಇದೆ.

ಬೀಜವನ್ನು ಎಲ್ಲಿಂದ ತರಬೇಕು? 1967ರಲ್ಲಿ ಸ್ಥಾಪಿತವಾದ, ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ 'ಅರ್ಕಾ' ತಳಿಗಳು ನಮ್ಮ ಹವೆಯಲ್ಲಿಯೇ ಹುಟ್ಟಿದವು. ಇವುಗಳಲ್ಲಿ ಟೊಮೇಟೊವಿನ ಅರ್ಕಾ ವಿಕಾಸ್, ಬೆಂಡೆಯ ಅರ್ಕಾ ಅನಾಮಿಕಾ, ದಂಟಿನ ಅರ್ಕಾ ಸುಗುಣ ಇವು ಸಾಮಾನ್ಯ ತಳಿಗಳು; ಇವುಗಳಿಂದ ತೆಗೆದಿಟ್ಟ ಬೀಜ ಮುಂದಿನ ವರ್ಷವೂ ತಾಯಿಯ ಗುಣವನ್ನೇ ತೋರುತ್ತದೆ. ಅರ್ಕಾ ರಕ್ಷಕ್ ಮೂರು ರೋಗಗಳನ್ನು ತಡೆಯಬಲ್ಲ ಉತ್ತಮ ಟೊಮೇಟೊವೇ ಆದರೂ ಸಂಕರ ತಳಿಯಾದುದರಿಂದ ಅದರ ಬೀಜವನ್ನು ಉಳಿಸಿ ಪ್ರಯೋಜನವಿಲ್ಲ, ಪ್ರತಿವರ್ಷವೂ ಕೊಳ್ಳಬೇಕು. ವ್ಯಾಪಾರಕ್ಕೆ ಬೆಳೆಯುವವರು ಸಂಕರ ತಳಿಯನ್ನು ಬಳಸಲಿ. ಕೈತೋಟಕ್ಕೆ, ಅದರಲ್ಲಿಯೂ ಮಕ್ಕಳು ಬೀಜದಿಂದ ಬೀಜದವರೆಗಿನ ಚಕ್ರವನ್ನು ನೋಡಿ ಕಲಿಯಬೇಕಾದ ಶಾಲೆಯ ತೋಟಕ್ಕೆ, ಸಾಮಾನ್ಯ ತಳಿಯೇ ತಕ್ಕುದು. ಹಳೆಯ ಬೀಜವಾದರೆ ಇಪ್ಪತ್ತನ್ನು ಎಣಿಸಿ ಒದ್ದೆಬಟ್ಟೆಯಲ್ಲಿ ಕಟ್ಟಿಟ್ಟು ನೋಡಬೇಕು. ಹದಿನಾಲ್ಕಕ್ಕಿಂತ ಕಡಿಮೆ ಮೊಳೆತರೆ ಬೇರೆ ಬೀಜ ತರುವುದು ಒಳಿತು. ಟೊಮೇಟೊ, ಬದನೆಯ ಬೀಜ ಒಣಗಿ ತಂಪಾಗಿದ್ದರೆ ಮೂರು ವರ್ಷ ಬಾಳುತ್ತದೆ. ಈರುಳ್ಳಿ ಬೀಜಕ್ಕೆ ಒಂದು ವರ್ಷವೇ ಹೆಚ್ಚು.

ಸ್ಥಳದ ಬಗೆಗೆ ಹೆಚ್ಚು ಹೇಳಬೇಕಾದುದಿಲ್ಲ. ವಿಜಯನಗರದ ಮೂವತ್ತು ನಲವತ್ತರ ನಿವೇಶನಗಳಲ್ಲಿ ಹಿತ್ತಲೆಂಬುದು ಈಗ ಬಹುಮಟ್ಟಿಗೆ ಹೆಸರಿಗೆ ಮಾತ್ರ. ಪಕ್ಕದಲ್ಲಿ ಮೂರು ನಾಲ್ಕು ಅಂತಸ್ತುಗಳು ಎದ್ದಿರುವೆಡೆ ನೆಲಕ್ಕೆ ಬಿಸಿಲೇ ಬೀಳದು, ತಾರಸಿಯೇ ಗತಿ. ಒಂದು ಚದರ ಮೀಟರಿನಲ್ಲಿ ಒಂದಡಿ ಎತ್ತರ ಹಸಿಮಣ್ಣು ತುಂಬಿದರೆ ಅದು ಅರ್ಧ ಟನ್ನಿನಷ್ಟು ಭಾರವಾಗುತ್ತದೆ ಎಂಬುದನ್ನು ನೆನಪಿಟ್ಟು, ನಾರಿನ ಪುಡಿ ಗೊಬ್ಬರಗಳ ಹಗುರವಾದ ಮಿಶ್ರಣವನ್ನೇ ಬಳಸಿ, ಕುಂಡಗಳನ್ನು ಗೋಡೆಯ ನೇರಕ್ಕೆ ಬರುವಂತೆ ಜೋಡಿಸಬೇಕು. ಸಾವಿರ ಚದರಡಿಯ ತಾರಸಿಯ ಮೇಲೆ 20 ಮಿಲಿಮೀಟರಿನ ಒಂದು ಭರಣಿ ಮಳೆ ಬಿದ್ದರೆ, ಸೋರಿ ಆವಿಯಾದುದನ್ನು ಕಳೆದರೂ, 1,500 ಲೀಟರು ನೀರು ಸಿಗುತ್ತದೆ. ಒಂದು ತೊಟ್ಟಿಯಿದ್ದರೆ ಅದು ಜೂನ್‌ವರೆಗೂ ಒದಗುತ್ತದೆ.

ಕಡೆಯದಾಗಿ ಶಾಲೆಯ ತೋಟದ ಪ್ರಶ್ನೆ. ಶಾಲೆಗಳ ಕೈತೋಟಗಳು ಸಾಮಾನ್ಯವಾಗಿ ಉತ್ಸಾಹದಿಂದ ಆರಂಭವಾಗಿ ಏಪ್ರಿಲ್‌ನಲ್ಲಿ ಅಳಿಯುತ್ತವೆ. ರಜೆಯ ದಿನಗಳಲ್ಲಿ ನೀರುಣಿಸುವವರಿಲ್ಲ. ದಾನಿಗಳು ಕೊಡಿಸಿದ ಗಿಡಗಳು ಒಣಗಿ, ಜೂನ್‌ನಲ್ಲಿ ಬಾಗಿಲು ತೆರೆದಾಗ ಬರಿಯ ಕುಂಡಗಳು ಉಳಿದಿರುತ್ತವೆ. ಆದರೆ ಮೇಲೆ ಹೇಳಿದ ಕಾಲಕ್ರಮವನ್ನು ನೋಡಿದರೆ, ಶಾಲೆಯ ಪುನರಾರಂಭವೂ ರೋಹಿಣಿ ಮಳೆಯೂ ಹೆಚ್ಚುಕಡಮೆ ಒಂದೇ ವಾರದಲ್ಲಿ ಬರುತ್ತವೆ. ಸಸಿಯನ್ನು ರಜೆಯಲ್ಲಿ ಮನೆಗಳಲ್ಲಿ ಬೆಳೆಸಿ, ಪುನರಾರಂಭಕ್ಕೆ ಶಾಲೆಗೆ ತರುವುದಾದರೆ ರಜೆಯೇ ತೋಟಕ್ಕೆ ಸಹಾಯಕವಾಗುತ್ತದೆ. ಶಾಲೆಯ ಸಮೀಪದಲ್ಲಿ ವಾಸವಾಗಿರುವ ಹಳೆಯ ವಿದ್ಯಾರ್ಥಿಗಳ ಹತ್ತು ಮನೆಗಳು ತಲಾ ಒಂದು ಪ್ರೋಟ್ರೇಯನ್ನು ವಹಿಸಿಕೊಂಡರೂ ಸಾವಿರದ ಹತ್ತಿರ ಸಸಿಗಳಾಗುತ್ತವೆ. ಮೆಣಸಿನಕಾಯಿ, ಬದನೆಗಳನ್ನು ಏಪ್ರಿಲ್ 25ರೊಳಗೆ, ಟೊಮೇಟೊವನ್ನು ಮೇ ಮೊದಲ ವಾರದಲ್ಲಿ ಬಿತ್ತಿದರೆ ಜೂನ್ ಆರಂಭಕ್ಕೆ ನಾಟಿಯ ಹದಕ್ಕೆ ಬರುತ್ತವೆ. ಮಕ್ಕಳು ಬಂದ ಮೊದಲ ವಾರ ಗುಣಿ ತೆಗೆದು ಗೊಬ್ಬರ ತುಂಬಲಿ, ಎರಡನೆಯ ವಾರ ಸಂಜೆಯ ತಂಪಿನಲ್ಲಿ ನಾಟಿ ಮಾಡಲಿ.

ದಾನಿಗಳಲ್ಲಿ ಒಂದು ವಿಜ್ಞಾಪನೆ. ಅಲಂಕಾರದ ಗಿಡಗಳಿಗೆ ಬದಲಾಗಿ ಒಂದು ಮಳೆನೀರಿನ ತೊಟ್ಟಿಯನ್ನು ಕಟ್ಟಿಸಿಕೊಟ್ಟರೆ ತೋಟಕ್ಕೆ ಅದೇ ದೊಡ್ಡ ಉಪಕಾರ. ಐನೂರು ಚದರ ಮೀಟರಿನ ಶಾಲಾ ಛಾವಣಿಯಿಂದ ಅದೇ 20 ಮಿಲಿಮೀಟರಿನ ಮಳೆಗೆ 8,000 ಲೀಟರು ಇಳಿಯುತ್ತದೆ. ಮೊದಲ ಮಳೆಯ ಕೊಳೆಯನ್ನು ಹೊರಕ್ಕೆ ಬಿಡಲು ಕೊಳವೆಯಲ್ಲಿ ಒಂದು ಕವಾಟ, ತೊಟ್ಟಿಗೆ ಸೊಳ್ಳೆ ನುಗ್ಗದಂತೆ ಮುಚ್ಚಳ, ಇವೆರಡು ಇರಲೇಬೇಕು. ಮೃಗಶಿರ ಒಂದು ವಾರ ತಡವಾದರೂ ಪ್ರೋಟ್ರೇಯ ಸಸಿ ಕಾದಿರಬಲ್ಲದು. ಎರಡು ವಾರ ಮೀರಿದರೆ ಬೇರು ಕುಳಿಯಲ್ಲಿ ಸುತ್ತಿಕೊಳ್ಳುತ್ತದೆ, ಆಗ ತೊಟ್ಟಿಯ ನೀರನ್ನೇ ನಂಬಿ ನೆಟ್ಟುಬಿಡಬೇಕು.