ಕರೆಂಟಿನ ಕಾರೋ, ಪೆಟ್ರೋಲಿನ ಕಾರೋ?

2024ರ ದೀಪಾವಳಿಗೆ ಮುಂಚೆ ನಮ್ಮ ಮನೆಯಲ್ಲಿ ಎದ್ದ ಒಂದು ವಿಚಾರ ಪೂರ್ಣ ಒಂದು ತಿಂಗಳು ಊಟದ ಪಂಕ್ತಿಯನ್ನು ಬಿಟ್ಟು ಏಳಲಿಲ್ಲ. ನಾವು ಶಾಲಾ ಸೇವೆಯಿಂದ ನಿವೃತ್ತರಾದಾಗ ಬಂದ ಗಂಟಿನಲ್ಲಿ ಹದಿನೆಂಟು ಲಕ್ಷ ರೂಪಾಯಿಗಳನ್ನು ಬ್ಯಾಂಕಿನಲ್ಲಿ ಇಟ್ಟಿದ್ದೆವು. ಮೊಮ್ಮಗಳ ಓದಿಗೆಂದು ಮನಸ್ಸಿನಲ್ಲಿ ತೆಗೆದಿರಿಸಿದ ಹಣವದು. ಹಳೆಯ ಕಾರು ಹದಿನಾಲ್ಕು ವರ್ಷ ದುಡಿದು ಕೈಬಿಟ್ಟಾಗ, ಹೊಸದಕ್ಕೆ ಆ ಗಂಟನ್ನೇ ಬಿಚ್ಚಬೇಕಾದ ಪ್ರಸಂಗ ಒದಗಿತು.

ಕಾರು ಬೇಕೇ ಬೇಡವೇ ಎಂಬ ಚರ್ಚೆಗೆ ನಮ್ಮಲ್ಲಿ ಅವಕಾಶವಿರಲಿಲ್ಲ. ನಮ್ಮ ಸೊಸೆ ಯಾದಗಿರಿಯ ಕಾಲೇಜಿನಲ್ಲಿ ಉಪನ್ಯಾಸಕಿ. ಮಗ ಅಲ್ಲಿಯೇ ಬ್ಯಾಂಕಿನಲ್ಲಿದ್ದಾನೆ. ಗುರುಮಠಕಲ್ಲಿನಿಂದ ಯಾದಗಿರಿಗೆ ಸುಮಾರು ನಲವತ್ತು ಕಿ.ಮೀ.; ಹೋಗಿಬಂದರೆ ಎಂಬತ್ತು. ಇದರ ಮೇಲೆ ತಿಂಗಳಿಗೊಮ್ಮೆ ನಮ್ಮ ಮಾತೋಶ್ರೀಯವರನ್ನು ಚಿಕಿತ್ಸೆಗಾಗಿ ಹೈದರಾಬಾದಿಗೆ ಕರೆದೊಯ್ಯಬೇಕು. 1956ರವರೆಗೆ ನಮ್ಮ ಸೀಮೆ ಹೈದರಾಬಾದ್ ರಾಜ್ಯದಲ್ಲಿದ್ದುದು; ರಾಜ್ಯ ಬದಲಾದರೂ ದೊಡ್ಡ ಆಸ್ಪತ್ರೆ ಎಂದೊಡನೆ ನಮ್ಮವರ ಕಾಲು ಇಂದಿಗೂ ಕೊಡಂಗಲ್, ಪರಿಗಿ ದಾರಿಯನ್ನೇ ಹಿಡಿಯುತ್ತದೆ. ಹೋಗಿಬರುವ ದಾರಿ ಮುನ್ನೂರು ಕಿ.ಮೀ.ಗೆ ಕಡಿಮೆಯಿಲ್ಲ.

ಮಗನ ಮನಸ್ಸು ಫೋಕ್ಸ್‌ವ್ಯಾಗನ್ ಸಂಸ್ಥೆಯ ವರ್ಟಸ್ ಜಿಟಿ ಎಂಬ ಪೆಟ್ರೋಲ್ ಸೆಡಾನಿನ ಮೇಲಿತ್ತು. 2022ರಲ್ಲಿ ಮಾರುಕಟ್ಟೆಗೆ ಬಂದ ಈ ಕಾರಿಗೆ ಒಂದೂವರೆ ಲೀಟರಿನ ಟರ್ಬೊ ಎಂಜಿನ್, ನೂರೈವತ್ತು ಅಶ್ವಶಕ್ತಿ. ಅವನು ಬೆಂಗಳೂರಿನಲ್ಲಿ ಓದುವಾಗಿನಿಂದಲೂ ಇಂಥ ಕಾರುಗಳ ಚಿತ್ರಗಳನ್ನು ಕತ್ತರಿಸಿ ಪುಸ್ತಕದಲ್ಲಿ ಇಟ್ಟುಕೊಂಡವನು. ಮೂವತ್ತೈದು ವರ್ಷವಾದರೂ ತನಗಾಗಿ ಏನನ್ನೂ ಕೇಳದ ಮಗ ಒಮ್ಮೆ ಬಾಯಿಬಿಟ್ಟು ಕೇಳಿದಾಗ, ಇಲ್ಲವೆನ್ನಲು ತಂದೆಯಾದವನಿಗೆ ಎಷ್ಟು ಕಷ್ಟವೆಂಬುದನ್ನು ಓದುಗ ಬಂಧುಗಳಿಗೆ ವಿವರಿಸಬೇಕಾಗಿಲ್ಲ. ಕಲಬುರಗಿಗೆ ಹೋಗಿ ನಾವೂ ಅದರಲ್ಲಿ ಕುಳಿತು ಬಂದೆವು. ನೆಲಕ್ಕೆ ಅಂಟಿಕೊಂಡಂತೆ ಓಡುವ ಅದರ ಗತ್ತು, ತಿರುವಿನಲ್ಲಿ ಅಲುಗದ ಸ್ಥಿರತೆ, ಎಂಜಿನ್ನಿನ ಆ ಗಂಭೀರ ದನಿ, ಇವೆಲ್ಲ ಸುಳ್ಳಲ್ಲ. ಅದನ್ನು ಬರಿಯ ಹುಡುಗಾಟವೆಂದು ತಳ್ಳಿಹಾಕುವ ಹಿರಿಯರೊಡನೆ ನಮ್ಮ ಸಹಮತವಿಲ್ಲ.

ವಿದ್ಯುತ್ ಕಾರಿನ ಮಾತನ್ನು ಎತ್ತಿದವಳು ಸೊಸೆ. ಟಾಟಾ ಸಂಸ್ಥೆಯ ನೆಕ್ಸಾನ್ ಇವಿ 2020ರಲ್ಲಿ ಬಂದುದಾದರೂ, 45 ಯೂನಿಟ್ ವಿದ್ಯುತ್ ಹಿಡಿಯುವ ದೊಡ್ಡ ಬ್ಯಾಟರಿಯ ಮಾದರಿ ಹೊರಬಿದ್ದದ್ದು 2024ರ ಸೆಪ್ಟೆಂಬರಿನಲ್ಲಿ. ಪ್ರಮಾಣಿತ ಪರೀಕ್ಷೆಯಲ್ಲಿ ಒಂದು ಚಾರ್ಜಿಗೆ 489 ಕಿ.ಮೀ. ಎಂದು ಕಾಗದದಲ್ಲಿ ಬರೆದಿರುತ್ತದೆ. ಕಾಗದದ ಲೆಕ್ಕ ಬೇರೆ, ರಸ್ತೆಯ ಲೆಕ್ಕ ಬೇರೆ. ಏರ್ ಕಂಡೀಷನರ್ ಹಾಕಿಕೊಂಡು ನಮ್ಮ ರಸ್ತೆಗಳಲ್ಲಿ ಓಡಿಸಿದರೆ ಮುನ್ನೂರು, ಬಹಳವಾದರೆ ಮುನ್ನೂರೈವತ್ತು ಎಂದುಕೊಳ್ಳುವುದೇ ವಿವೇಕ.

ಓಣಿಯ ಕಟ್ಟೆಯ ಮೇಲೆ ಇದೇ ದೊಡ್ಡ ವಿನೋದವಾಯಿತು. "ಮಾಸ್ತರ್ರೇ, ಬ್ಯಾಸಿಗ್ಯಾಗ ಫ್ಯಾನಿಗೇ ಕರೆಂಟ್ ಇರಂಗಿಲ್ಲ, ನೀವು ಕಾರಿಗೆ ಎಲ್ಲಿಂದ ತರ್ತೀರಿ?" ಎಂದು ಹಿರಿಯರೊಬ್ಬರು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಕಾರು ಫ್ಯಾನಿನಂತೆ ಇದ್ದಾಗಲೇ ಉಣ್ಣಬೇಕಾದ ಯಂತ್ರವಲ್ಲ. ರಾತ್ರಿ ಹತ್ತು ಗಂಟೆ ನಿಂತೇ ಇರುವಾಗ ನಡುವೆ ಎರಡು ಗಂಟೆ ವಿದ್ಯುತ್ ಹೋದರೂ ದಿನದ ಎಂಬತ್ತು ಕಿ.ಮೀ.ಗೆ ಬೇಕಾದ ಹನ್ನೆರಡು ಹದಿಮೂರು ಯೂನಿಟ್ಟುಗಳನ್ನು ಅದು ಸಾವಕಾಶವಾಗಿ ತುಂಬಿಕೊಳ್ಳುತ್ತದೆ.

ಈ ವಿದ್ಯುತ್ ಕಾರು ನಿನ್ನೆ ಮೊನ್ನೆಯ ಸೋಜಿಗವೂ ಅಲ್ಲ. ಗಂಟೆಗೆ ನೂರು ಕಿ.ಮೀ. ವೇಗವನ್ನು ರಸ್ತೆಯ ವಾಹನವೊಂದು ಮೊದಲು ದಾಟಿದ್ದು 1899ರಲ್ಲಿ, ಫ್ರಾನ್ಸಿನಲ್ಲಿ. ಕಮಿಲ್ ಜೆನಾಟ್ಸಿ ಎಂಬಾತ ಓಡಿಸಿದ ಆ ವಾಹನ ಬ್ಯಾಟರಿಯದು. ಪೆಟ್ರೋಲ್ ಕಾರನ್ನು ಆಗ ಕೈಯಿಂದ ಹ್ಯಾಂಡಲ್ ತಿರುವಿ ಎಬ್ಬಿಸಬೇಕಾಗಿತ್ತು. 1912ರ ಕ್ಯಾಡಿಲಾಕ್ ಕಾರಿನಲ್ಲಿ ವಿದ್ಯುತ್ ಸ್ಟಾರ್ಟರ್ ಬಂದ ಮೇಲೆ ಆ ಕಷ್ಟ ತಪ್ಪಿ, ವಿದ್ಯುತ್ ಕಾರು ಹಿಂದೆ ಬಿದ್ದಿತು. ವಿದ್ಯುತ್ ಕಾರನ್ನು ಸೋಲಿಸಿದ್ದರಲ್ಲಿ ವಿದ್ಯುತ್ತಿನದೇ ಪಾಲಿತ್ತೆಂಬುದು ವಿಚಿತ್ರ. ನಮ್ಮ ನಾಡಿನ ಮಟ್ಟಿಗೆ ಹೇಳುವುದಾದರೆ, ಬೆಂಗಳೂರಿನಲ್ಲಿ ಚೇತನ್ ಮೈನಿಯವರ ಸಂಸ್ಥೆ ತಯಾರಿಸಿದ ರೇವಾ 2001ರಲ್ಲಿಯೇ ರಸ್ತೆಗಿಳಿದಿತ್ತು. ಎಂಬತ್ತು ಕಿ.ಮೀ. ಓಡುತ್ತಿದ್ದ ಆ ಪುಟ್ಟ ಕಾರು ಜಿ-ವಿಜ್ ಎಂಬ ಹೆಸರಿನಿಂದ ಲಂಡನ್ ನಗರದ ಬೀದಿಗಳನ್ನು ಕಂಡಿತು. 2010ರಲ್ಲಿ ಸಂಸ್ಥೆ ಮಹೀಂದ್ರಾದವರ ಪಾಲಾಯಿತು. ದೇಶದಲ್ಲಿಯೇ ಮೊದಲಿಗೆ ವಿದ್ಯುತ್ ವಾಹನ ನೀತಿಯನ್ನು ಪ್ರಕಟಿಸಿದ್ದು ಕರ್ನಾಟಕ, 2017ರಲ್ಲಿ.

ಇನ್ನು ಹಣದ ಮಾತು. ತಿಂಗಳಿಗೆ ಎರಡು ಸಾವಿರ ಕಿ.ಮೀ. ಎಂದು ಹಿಡಿದೆವು. ವೇಗದ ಪೆಟ್ರೋಲ್ ಸೆಡಾನ್ ಲೀಟರಿಗೆ ಹದಿನಾಲ್ಕು ಕಿ.ಮೀ. ಕೊಟ್ಟರೆ ನೂರನಲವತ್ಮೂರು ಲೀಟರ್ ಬೇಕು. 103 ರೂಪಾಯಿಯ ದರದಲ್ಲಿ ಹದಿನಾಲ್ಕು ಸಾವಿರದ ಏಳುನೂರು ರೂಪಾಯಿಗಳ ಮೇಲಾಗುತ್ತದೆ. ವಿದ್ಯುತ್ ಕಾರಿಗೆ ಸೋರಿಕೆಯನ್ನೂ ಸೇರಿಸಿ ಮುನ್ನೂರಿಪ್ಪತ್ತು ಯೂನಿಟ್; ಎಲ್ಲ ತೆರಿಗೆ ಸಹಿತ ಏಳು ರೂಪಾಯಿ ಹಿಡಿದರೂ ಎರಡು ಸಾವಿರದ ಇನ್ನೂರ ನಲವತ್ತು. ತಿಂಗಳಿಗೆ ಹನ್ನೆರಡು ಸಾವಿರಕ್ಕೂ ಹೆಚ್ಚಿನ ಅಂತರ! ಐದು ವರ್ಷಕ್ಕೆ ಏಳು ಲಕ್ಷ ದಾಟುತ್ತದೆ. ಮೊಮ್ಮಗಳ ಓದಿನ ಗಂಟಿಗೆ ಹಣ ಮರಳಿ ಬರುವ ದಾರಿ ನಮಗೆ ಕಂಡದ್ದು ಇಲ್ಲಿಯೇ.

ತೆರಿಗೆಯ ಭಾರವೂ ಒಂದೇ ಸಮವಲ್ಲ. ಆಗ ಅಂಥ ಪೆಟ್ರೋಲ್ ಸೆಡಾನಿನ ಮೇಲೆ ಜಿಎಸ್‌ಟಿ ಮತ್ತು ಪರಿಹಾರ ಸೆಸ್ ಕೂಡಿ ಶೇ 45 ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ 40 ಆಯಿತು. ವಿದ್ಯುತ್ ಕಾರಿಗೆ 2019ರ ಆಗಸ್ಟಿನಿಂದ ಶೇ 5 ಮಾತ್ರ. ನಮ್ಮ ರಾಜ್ಯದ ರಸ್ತೆ ತೆರಿಗೆ ಹತ್ತರಿಂದ ಇಪ್ಪತ್ತು ಲಕ್ಷದ ಪೆಟ್ರೋಲ್ ಕಾರಿಗೆ ಶೇ 17, ಅದರ ಮೇಲೆ ಉಪಕರ ಬೇರೆ. ನಾವು ಕೊಂಡಾಗ ಇಪ್ಪತ್ತೈದು ಲಕ್ಷದೊಳಗಿನ ವಿದ್ಯುತ್ ಕಾರಿಗೆ ಆ ತೆರಿಗೆ ಇರಲೇ ಇಲ್ಲ.

ಆದರೆ ಒಂದು ಸೂಕ್ಷ್ಮವನ್ನು ಗೃಹಿಣಿಯರು ಗಮನಿಸಬೇಕು. 2023ರಿಂದ ನಡೆದ ಗೃಹಜ್ಯೋತಿ ಯೋಜನೆಯಲ್ಲಿ ಮನೆಯ ಬಳಕೆ ಇನ್ನೂರು ಯೂನಿಟ್ಟುಗಳನ್ನು ಮೀರಿದರೆ ಪೂರ್ತಿ ಬಿಲ್ಲನ್ನು ಕಟ್ಟಬೇಕು. ನಮ್ಮ ಮನೆಯ ಬಳಕೆ ನೂರರ ಒಳಗೆ. ಕಾರು ಸೇರಿದರೆ ನಾಲ್ಕುನೂರು. ಕಾರನ್ನು ಮನೆಯ ಮೀಟರಿಗೇ ಜೋಡಿಸಿದ್ದರೆ ಅಡುಗೆಮನೆಯ ದೀಪದ ಉಚಿತವೂ ಹೋಗುತ್ತಿತ್ತು. ವಾಹನ ಚಾರ್ಜಿಂಗಿಗೆ ಪ್ರತ್ಯೇಕ ದರಶ್ರೇಣಿ ಇರುವುದನ್ನು ತಿಳಿದು ಜೆಸ್ಕಾಂನಿಂದ ಬೇರೆ ಮೀಟರ್ ಪಡೆದೆವು. ವೈರಿಂಗ್ ಮಾಡುವ ಮಿಸ್ತ್ರಿ ಬಂದು ನೋಡಿದಾಗ ನಮ್ಮ ಹಳೆಯ ಕಲ್ಲಿನ ಮನೆಗೆ ಅರ್ಥಿಂಗ್ ಎಂಬುದು ಹೆಸರಿಗಷ್ಟೇ ಇದ್ದುದು ತಿಳಿಯಿತು! ಅಂಗಳದಲ್ಲಿ ಹೊಸದಾಗಿ ಗುಂಡಿ ತೋಡಿ ಅರ್ಥಿಂಗ್ ಹಾಕಿಸಿದೆವು. ಅರ್ಥಿಂಗ್ ಸರಿಯಿಲ್ಲದೆ ಈ ಕಾರಿಗೆ ಪ್ಲಗ್ ಚುಚ್ಚುವುದು ಅಪಾಯಕರ. ಓಣಿಯ ಇಕ್ಕಟ್ಟಿನಲ್ಲಿ ಕಾರು ಮನೆಯ ಮುಂದೆ ನಿಲ್ಲದಿದ್ದರೆ, ಕಿಟಕಿಯಿಂದ ಉದ್ದನೆಯ ವೈರ್ ಎಳೆಯುವುದು ಅದಕ್ಕಿಂತ ಅಪಾಯಕರ. ಹಾಗೆ ನಿಲ್ಲಿಸಲು ಸ್ವಂತ ಜಾಗವಿಲ್ಲದವರು ಈ ಕಾರನ್ನು ಕೊಳ್ಳದಿರುವುದೇ ಲೇಸು.

ಗಾಳಿ ಶುದ್ಧವಾಗುತ್ತದೆಯೇ ಎಂಬ ಪ್ರಶ್ನೆಗೆ ಉತ್ಸಾಹಿಗಳು ಹೇಳುವಷ್ಟು ಸರಳವಾದ ಉತ್ತರವಿಲ್ಲ. ಪಾವಗಡದಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಉದ್ಯಾನವಿದೆ, ನಿಜ. ಆದರೆ ನಾವು ಕಾರಿಗೆ ಪ್ಲಗ್ ಹಾಕುವುದು ರಾತ್ರಿ. ಆ ಹೊತ್ತಿಗೆ ಸೂರ್ಯನಿರುವುದಿಲ್ಲ, ನೆರೆಯ ರಾಯಚೂರಿನ ಶಕ್ತಿನಗರದಲ್ಲಿ ಕಲ್ಲಿದ್ದಲು ಉರಿಯುತ್ತಿರುತ್ತದೆ. ಹೊಗೆ ನಮ್ಮ ಓಣಿಯಲ್ಲಿಲ್ಲವೆಂದ ಮಾತ್ರಕ್ಕೆ ಎಲ್ಲಿಯೂ ಇಲ್ಲವೆಂದಲ್ಲ. ಒಟ್ಟಾರೆ ಪೆಟ್ರೋಲಿಗಿಂತ ಕಡಿಮೆ ಎನ್ನಬಹುದು, ಅಷ್ಟೇ.

ಲೆಕ್ಕವೆಲ್ಲ ಒಂದು ಕಡೆಗಿದ್ದರೂ ಮಗ ಸುಮ್ಮನಿದ್ದ. ತೀರ್ಮಾನವಾದದ್ದು ಲೆಕ್ಕದಿಂದಲ್ಲ. ಕಲಬುರಗಿಗೆ ಎರಡನೆಯ ಸಲ ಹೋದಾಗ ಮಾತೋಶ್ರೀಯವರನ್ನೂ ಕರೆದೊಯ್ದಿದ್ದೆವು. ಎಂಬತ್ತೆರಡು ವಯಸ್ಸಿನ, ಮೊಣಕಾಲು ಸವೆದ ಜೀವ. ಸೆಡಾನಿನ ಆಸನ ಕೆಳಗೆ. ಕೂಡ್ರುವಾಗ ಹೇಗೋ ಕುಳಿತರು, ಏಳುವಾಗ ಇಬ್ಬರು ಹಿಡಿದೆತ್ತಬೇಕಾಯಿತು. ನೋವನ್ನು ನುಂಗಿಕೊಂಡು, "ಚಲೋ ಅದ ತಮ್ಮಾ, ನಿನಗ ಮನಸಿದ್ದದ್ದು ತಗೋ" ಎಂದು ಮೊಮ್ಮಗನ ಕೆನ್ನೆ ಮುಟ್ಟಿದರು. ಎತ್ತರದ ಆಸನದ ಇನ್ನೊಂದು ಕಾರಿಗೆ ಅವರು ತಾವಾಗಿಯೇ ಹತ್ತಿ ಇಳಿದರು. ದಾರಿಯಲ್ಲಿ ಸೇಡಂ ದಾಟುವವರೆಗೆ ಮಗ ಮಾತನಾಡಲಿಲ್ಲ. ಆಮೇಲೆ, "ಅಪ್ಪಾಜಿ, ಕರೆಂಟಿಂದೇ ತಗೊಳ್ಳೋಣ್ರಿ" ಎಂದ. ಅವನ ದನಿಯಲ್ಲಿ ಸಂತೋಷವಿತ್ತೆಂದು ನಾವು ಬರೆದರೆ ಅದು ಸತ್ಯವಾಗಲಾರದು.

ಕೊಂಡ ಮೇಲೆ ಎಲ್ಲವೂ ಸುಗಮವಾಯಿತೆಂದೂ ತಿಳಿಯಬಾರದು. 2025ರ ಮೇ ತಿಂಗಳ ಒಂದು ದಿನ, ಬಿಸಿಲು ನೆತ್ತಿಯನ್ನು ಸುಡುತ್ತಿರುವಾಗ, ಹೈದರಾಬಾದಿನ ಆಸ್ಪತ್ರೆಯಲ್ಲಿ ಹೊತ್ತಾಗಿ, ಅಲ್ಲಿ ಚಾರ್ಜ್ ಮಾಡದೆ ಹೊರಟುಬಿಟ್ಟೆವು. ದಾರಿಯಲ್ಲಿ ಇದೆಯೆಂದು ಮೊಬೈಲ್ ತೋರಿಸಿದ ಚಾರ್ಜಿಂಗ್ ಕೇಂದ್ರಕ್ಕೆ ಹೋದರೆ ಯಂತ್ರದ ಪರದೆ ಕತ್ತಲು, ಕೇಳಲು ಮನುಷ್ಯರಿಲ್ಲ. ಬ್ಯಾಟರಿ ಶೇ 11ಕ್ಕೆ ಇಳಿದಿತ್ತು. ಹಿಂದೆ ಮಾತೋಶ್ರೀಯವರು ಕಣ್ಣು ಮುಚ್ಚಿ ಕುಳಿತಿದ್ದಾರೆ. ಪೆಟ್ರೋಲ್ ಕಾರಾಗಿದ್ದರೆ ಐದು ನಿಮಿಷದ ಕೆಲಸ ಎಂದು ನಮ್ಮ ಮನಸ್ಸಿಗೂ ಬಂತು. ಮಗ ಮಾತ್ರ ಆ ಮಾತನ್ನು ಆಡಲಿಲ್ಲ. ಏರ್ ಕಂಡೀಷನರ್ ಆರಿಸಿ ನಿಧಾನವಾಗಿ ಕೊಡಂಗಲ್ ಕಡೆಯ ನೆಂಟರ ಮನೆ ಸೇರಿ, ಅವರ ನೀರೆತ್ತುವ ಮೋಟರಿನ ಪ್ಲಗ್ಗಿಗೆ ಎರಡೂವರೆ ಗಂಟೆ ಜೋಡಿಸಿದೆವು. ಮಾತೋಶ್ರೀಯವರು ಅಲ್ಲಿ ರೊಟ್ಟಿ, ಮೊಸರು ಉಂಡು ಒಂದು ನಿದ್ದೆ ತೆಗೆದರು. ಮನೆ ಮುಟ್ಟಿದಾಗ ರಾತ್ರಿ ಹತ್ತೂವರೆ.

ಅಂದಿನಿಂದ ಹೈದರಾಬಾದಿನಲ್ಲಿ ಅವರನ್ನು ಆಸ್ಪತ್ರೆಯ ಬಾಗಿಲಿಗೆ ಇಳಿಸಿದ ಕೂಡಲೇ ಮಗ ಮೊದಲು ಕಾರನ್ನು ಚಾರ್ಜಿಗೆ ಹಚ್ಚಿಯೇ ಬರುತ್ತಾನೆ. ವೈದ್ಯರ ಸರದಿ ಬರುವಷ್ಟರಲ್ಲಿ ಅದೂ ತುಂಬಿರುತ್ತದೆ. ತಿಂಗಳ ಉಳಿತಾಯದ ಹತ್ತು ಸಾವಿರವನ್ನು ಸೊಸೆ ಮೊಮ್ಮಗಳ ಖಾತೆಗೆ ಒಂದನೆಯ ತಾರೀಖಿನಂದೇ ಹಾಕುತ್ತಾಳೆ. ಯಾದಗಿರಿಯ ದಾರಿಯಲ್ಲಿ ರಸ್ತೆ ಬಯಲಾಗಿದ್ದಾಗ ಮಗ ಒಮ್ಮೊಮ್ಮೆ ಪೆಡಲನ್ನು ಒತ್ತಿ, ಸದ್ದಿಲ್ಲದೆ ಹಾರುವ ಅದರ ಓಟವನ್ನು ನೋಡಿ ನಗುತ್ತಾನೆಂದು ಅವಳೇ ಹೇಳಿದಳು. ಆ ಸೆಡಾನಿನ ಚಿತ್ರ ಮಾತ್ರ ಅವನ ಬೀರುವಿನ ಬಾಗಿಲಿನ ಒಳಗೆ ಇನ್ನೂ ಅಂಟಿಕೊಂಡಿದೆ. ತೆಗೆಯೆಂದು ಮನೆಯಲ್ಲಿ ಯಾರೂ ಹೇಳಿಲ್ಲ.