ಚುಕ್ಕೆ ದುಂಡಗಿದ್ದರೆ ಜೋಡಿ ಗಟ್ಟಿ

ಬೆಳಕಿನ ಕಣಗಳಾದ ಫೋಟಾನುಗಳನ್ನು ಜೋಡಿಜೋಡಿಯಾಗಿ ಪಡೆಯಲು ಲೇಸರನ್ನು ವಿಶೇಷ ಹರಳೊಂದರ ಮೂಲಕ ಹಾಯಿಸುವುದು ಹಳೆಯ ದಾರಿ. ಅಲ್ಲಿ ಎಲ್ಲವೂ ಅದೃಷ್ಟದಾಟ: ಬಹಳಷ್ಟು ಸಲ ಏನೂ ಇಲ್ಲ, ಕೆಲವೊಮ್ಮೆ ಒಂದು ಜೋಡಿ, ಅಪರೂಪಕ್ಕೆ ಎರಡು. ಗುಟ್ಟಿನ ಸಂದೇಶ ಕಳಿಸುವವರಿಗೆ ಆ ಹೆಚ್ಚಿನ ಜೋಡಿಯೇ ತಲೆನೋವು.

ಅರೆವಾಹಕದ ಕ್ವಾಂಟಂ ಚುಕ್ಕೆ ಹಾಗಲ್ಲ. ಗ್ಯಾಲಿಯಂ ಆರ್ಸೆನೈಡ್ ಮೇಲೆ ಇಂಡಿಯಂ ಆರ್ಸೆನೈಡ್ ಕೂರಿಸುತ್ತಾ ಹೋದರೆ, ಎರಡರ ಪರಮಾಣು ಅಂತರ ಸುಮಾರು ಶೇ. 7ರಷ್ಟು ಬೇರೆಯಾದ್ದರಿಂದ, ಮೇಲಿನ ಪದರ ಬಿಗಿತ ತಾಳದೆ ಪುಟ್ಟ ದಿಬ್ಬಗಳಾಗುತ್ತದೆ; ಒಂದೊಂದು ದಿಬ್ಬವೂ ಒಂದು ಚುಕ್ಕೆ. ಕೆಸುವಿನ ಎಲೆಯ ಮೇಲಿನ ಹನಿಗಳ ಹಾಗೆ. ಕಾರಣ ಬೇರೆ, ನೋಟ ಒಂದೇ. ಲೇಸರ್ ಮಿಡಿತವೊಂದು ಚುಕ್ಕೆಯೆಂಬ ಈ ಗೂಡಿನಲ್ಲಿ ಎರಡು ಎಲೆಕ್ಟ್ರಾನು, ಎರಡು ರಂಧ್ರಗಳನ್ನು (ಎಲೆಕ್ಟ್ರಾನಿಲ್ಲದ ಖಾಲಿ ಜಾಗಗಳನ್ನು) ತುಂಬುತ್ತದೆ. ಒಂದು ಎಲೆಕ್ಟ್ರಾನು ರಂಧ್ರಕ್ಕಿಳಿದಾಗ ಮೊದಲ ಫೋಟಾನು, ಉಳಿದದ್ದು ಇಳಿದಾಗ ಎರಡನೆಯದು. ಗೂಡು ಬರಿದು.

ಇಳಿಯಲು ದಾರಿ ಎರಡುಂಟು. ಒಂದರಲ್ಲಿ ಎರಡೂ ಫೋಟಾನುಗಳು ಅಡ್ಡಡ್ಡ ಕಂಪಿಸುತ್ತವೆ, ಇನ್ನೊಂದರಲ್ಲಿ ಎರಡೂ ಉದ್ದುದ್ದ. ಯಾವ ದಾರಿ ಹಿಡಿದವೆಂಬ ಗುರುತು ಎಲ್ಲೂ ಉಳಿಯದಿದ್ದರೆ, ಒಂದನ್ನು ಅಳೆದರೆ ಇನ್ನೊಂದರ ಕಂಪನವೂ ಗೊತ್ತಾಗುವಂತೆ ಅವು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. 2000ರಲ್ಲಿ ಸ್ಟ್ಯಾನ್‌ಫರ್ಡ್‌ನ ಯಮಮೋಟೊ ತಂಡ ಸೂಚಿಸಿದ್ದು ಇದನ್ನೇ.

ಕಾಗದದ ಮೇಲೆ ಸೊಗಸು. ಆದರೆ ಬೆಳೆದ ಚುಕ್ಕೆಗಳು ದುಂಡಗಿರಲಿಲ್ಲ. ಚುಕ್ಕೆ ಮೊಟ್ಟೆಯಂತೆ ಕೊಂಚ ನೀಳವಾದರೂ ಮೊದಲ ಫೋಟಾನಿಗೂ ಎರಡನೆಯದಕ್ಕೂ ನಡುವಿನ ಶಕ್ತಿಯ ಮೆಟ್ಟಿಲು ಎರಡಾಗಿ ಸೀಳುತ್ತದೆ, ಎರಡು ದಾರಿಗಳ ಬಣ್ಣದಲ್ಲಿ ಕೂದಲೆಳೆಯ ವ್ಯತ್ಯಾಸ ಬರುತ್ತದೆ. ಫೋಟಾನಿನ ಶಕ್ತಿಯಲ್ಲಿ ಅದು ಐವತ್ತು ಸಾವಿರದಲ್ಲೊಂದು ಪಾಲಿನ ಆಸುಪಾಸು. ಹಿಡಿದ ದಾರಿಯ ಗುಟ್ಟು ಬಿಟ್ಟುಕೊಡಲು ಅಷ್ಟೇ ಸಾಕು.

2006ರಲ್ಲಿ ಹೈಫಾದ ಸಂಶೋಧಕರು ಬಣ್ಣ ತಾಳೆಯಾದ ಫೋಟಾನುಗಳನ್ನಷ್ಟೇ ಸೋಸಿಕೊಂಡರು. ಬಹುಪಾಲು ಬೆಳಕು ದಂಡವಾಯಿತು. ಅದೇ ವರ್ಷ ಕೇಂಬ್ರಿಜ್‌ನವರು ಸೀಳು ಕಿರಿದಾದ ಚುಕ್ಕೆಗಳನ್ನು ಹುಡುಕಿದರು, ಕಾಂತಕ್ಷೇತ್ರದಿಂದಲೂ ಸೀಳನ್ನು ಮುಚ್ಚಿದರು. ನನಗೆ ಹಿಡಿಸಿದ್ದು ಮಾತ್ರ ಆಮೇಲೆ ಬಂದ ಉಪಾಯ: ವಿದ್ಯುತ್ ಕೊಟ್ಟರೆ ಹಿಗ್ಗಿ ಕುಗ್ಗುವ ಪೀಜೋ ತುಂಡಿಗೆ ಚುಕ್ಕೆಯ ತೆಳು ಹಾಳೆಯನ್ನು ಅಂಟಿಸಿ, ವೀಣೆಯ ಬಿರಡೆ ತಿರುವಿದಂತೆ ಬಿಗಿತ ಹೊಂದಿಸುವುದು. 2018ರಲ್ಲಿ ಆಸ್ಟ್ರಿಯಾದ ಲಿಂಟ್ಸ್‌ನ ರಾಸ್ಟೆಲ್ಲಿ ತಂಡ ಹೀಗೆ ಪಡೆದ ಜೋಡಿಗಳು ಆದರ್ಶ ಹೆಣಿಗೆಗೆ ಶೇ. 97.8ರಷ್ಟು ಹೊಂದಿದವು.

ಇನ್ನೊಂದು ಕಷ್ಟ, ಹುಟ್ಟಿದ ಬೆಳಕನ್ನು ಹೊರತರುವುದು. ಸಪಾಟು ಹರಳಿನ ಮೇಲ್ಮೈ ದಾಟಿ ಆಚೆ ಬರುವುದು ಶೇ. 2ರಷ್ಟು ಮಾತ್ರ. 2010ರಲ್ಲಿ ಫ್ರಾನ್ಸ್‌ನ ಸೆನೆಲಾರ್ ತಂಡ ಒಂದಕ್ಕೊಂದು ತಾಕಿಕೊಂಡ ಎರಡು ಸೂಕ್ಷ್ಮ ಕಂಬಗಳಲ್ಲಿ ಒಂದರೊಳಗೆ ಚುಕ್ಕೆಯಿಟ್ಟು ಹೊರಬರುವ ಜೋಡಿಗಳನ್ನು ಬಹುಪಟ್ಟು ಹೆಚ್ಚಿಸಿತು.

ಇಷ್ಟೆಲ್ಲ ಆದರೂ ಈ ಚುಕ್ಕೆಗಳು ಚೆನ್ನಾಗಿ ಕೆಲಸ ಮಾಡುವುದು ಮೈನಸ್ 269 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ.