ಘಟ್ಟ ಪ್ರದೇಶದಲ್ಲಿ ರಸ್ತೆ ಮತ್ತು ಕೊಳವೆ ಮಾರ್ಗಗಳ ನಕ್ಷೆ: ಜಮೀನುದಾರರಿಗೆ ಮಾಹಿತಿ

ಅಟ್ಟೂರು, ಯಲಹಂಕ ಮೊದಲಾದ ಕಡೆ ನೆಲೆಸಿದ್ದು, ಸಕಲೇಶಪುರ, ಬೆಳ್ತಂಗಡಿ ಮುಂತಾದ ಘಟ್ಟದ ತಾಲ್ಲೂಕುಗಳಲ್ಲಿ ಪಿತ್ರಾರ್ಜಿತ ಜಮೀನು ಹೊಂದಿರುವವರು ಕೊಳವೆ ಮಾರ್ಗದ ನಕ್ಷೆ ಸಿದ್ಧವಾಗುವ ಕ್ರಮವನ್ನೂ ಆಕ್ಷೇಪಣೆಯ ಕಾಲಾವಧಿಯನ್ನೂ ತಿಳಿದಿರುವುದು ಅವಶ್ಯಕ.

ಹಿನ್ನೆಲೆ

ಮಂಗಳೂರಿನಿಂದ ಹಾಸನದ ಮೂಲಕ ಬೆಂಗಳೂರಿಗೆ ಪೆಟ್ರೋಲಿಯಂ ಉತ್ಪನ್ನಗಳನ್ನು ಸಾಗಿಸುವ ಸುಮಾರು 360 ಕಿ.ಮೀ. ಉದ್ದದ ಕೊಳವೆ ಮಾರ್ಗವು 2003ರಲ್ಲಿ ಕಾರ್ಯಾರಂಭ ಮಾಡಿತು. ಬೆಳ್ತಂಗಡಿ ತಾಲ್ಲೂಕಿನ ನೆರಿಯದಲ್ಲಿರುವ ಪಂಪಿಂಗ್ ಕೇಂದ್ರವು ಇಂಧನವನ್ನು ಘಟ್ಟದ ಮೇಲಕ್ಕೆ ಸಾಗಿಸುತ್ತದೆ.

ನಕ್ಷೆ ತಯಾರಿಕೆ

ಮೊದಲಿಗೆ ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಪ್ರಮಾಣದ ನಕ್ಷೆಗಳಲ್ಲಿ ಎತ್ತರ, ಇಳಿಜಾರು ಮತ್ತು ಹಳ್ಳಗಳನ್ನು ಪರಿಶೀಲಿಸಲಾಗುತ್ತದೆ. ಕಡಿದಾದ ಏರನ್ನು ವಾಹನಗಳು ಹತ್ತಲಾರವಾದ್ದರಿಂದ ರಸ್ತೆಯು ಗುಡ್ಡದ ಮಗ್ಗುಲಲ್ಲಿ ತಿರುವುಗಳಾಗಿ ಸಾಗುತ್ತದೆ. ಆದರೆ ಮಗ್ಗುಲಿನ ಮಣ್ಣು ಕುಸಿದಲ್ಲಿ ಕೊಳವೆಯನ್ನು ಪಕ್ಕಕ್ಕೆ ತಳ್ಳುವ ಅಪಾಯವಿರುತ್ತದೆ. 2018ರ ಆಗಸ್ಟ್ ತಿಂಗಳ ಮಳೆಯಲ್ಲಿ ಶಿರಾಡಿ ಘಾಟಿಯ ರಸ್ತೆ ಮತ್ತು ರೈಲು ಮಾರ್ಗಗಳೆರಡೂ ಭೂಕುಸಿತದಿಂದ ಸ್ಥಗಿತಗೊಂಡಿದ್ದವು. ಆದುದರಿಂದ ಕೊಳವೆಗೆ ಸಾಧ್ಯವಾದೆಡೆ ಇಳಿಜಾರಿನಲ್ಲಿ ನೇರವಾಗಿ ಏರುವ ಮಾರ್ಗವನ್ನು ಆಯ್ಕೆ ಮಾಡಲಾಗುತ್ತದೆ. ಹೀಗಾಗಿ ರಸ್ತೆಯಿಂದ ದೂರವಿರುವ ತೋಟವೂ ಕೊಳವೆ ಮಾರ್ಗದ ನಕ್ಷೆಯಲ್ಲಿ ಸೇರಬಹುದು. ನಂತರ ಈ ಮಾರ್ಗವನ್ನು ಗ್ರಾಮ ನಕ್ಷೆಯ ಮೇಲೆ ಗುರುತಿಸಿ, ಒಳಪಡುವ ಸರ್ವೆ ನಂಬರುಗಳನ್ನು ಪಟ್ಟಿ ಮಾಡಲಾಗುತ್ತದೆ.

ಜಮೀನುದಾರರ ಹಕ್ಕುಗಳು

1962ರ ಪೆಟ್ರೋಲಿಯಂ ಮತ್ತು ಖನಿಜ ಕೊಳವೆ ಮಾರ್ಗಗಳ ಕಾಯ್ದೆಯನ್ವಯ:

1. ಭೂಮಿಯ ಬಳಕೆಯ ಹಕ್ಕನ್ನು ಮಾತ್ರ ಪಡೆಯಲಾಗುತ್ತದೆ. ಮಾಲೀಕತ್ವವು ಜಮೀನುದಾರರಲ್ಲಿಯೇ ಉಳಿಯುತ್ತದೆ.
2. ವಾಸದ ಜಾಗ ಅಥವಾ ಕಾಯಂ ಕಟ್ಟಡವಿರುವ ಜಾಗದಡಿ ಕೊಳವೆ ಹಾಕುವಂತಿಲ್ಲ. ಉಳಿದೆಡೆ ನೆಲಮಟ್ಟದಿಂದ ಕನಿಷ್ಠ 1 ಮೀಟರ್ ಆಳವಿರತಕ್ಕದ್ದು.
3. ಅಧಿಸೂಚನೆಯ ಪ್ರತಿ ಸಾರ್ವಜನಿಕರಿಗೆ ಲಭ್ಯವಾದ 21 ದಿನಗಳೊಳಗೆ ಸಕ್ಷಮ ಪ್ರಾಧಿಕಾರಿಗೆ ಲಿಖಿತ ಆಕ್ಷೇಪಣೆ ಸಲ್ಲಿಸಬಹುದು. ಖುದ್ದಾಗಿ ಅಥವಾ ವಕೀಲರ ಮೂಲಕ ಅಹವಾಲು ಹೇಳಿಕೊಳ್ಳಲು ಅವಕಾಶವಿರುತ್ತದೆ.
4. ಬೆಳೆ ಮುಂತಾದವುಗಳ ನಷ್ಟಕ್ಕೆ ಪರಿಹಾರವಲ್ಲದೆ, ಸದರಿ ಭೂಮಿಯ ಮಾರುಕಟ್ಟೆ ಬೆಲೆಯ ಶೇ. 10ರಷ್ಟು ಮೊತ್ತ ದೊರೆಯುತ್ತದೆ. ನಿಗದಿಪಡಿಸಿದ ಪರಿಹಾರ ಒಪ್ಪಿಗೆಯಾಗದಿದ್ದಲ್ಲಿ ಜಿಲ್ಲಾ ನ್ಯಾಯಾಧೀಶರಿಗೆ ಅರ್ಜಿ ಸಲ್ಲಿಸಬಹುದು.

ನಿರ್ಬಂಧಗಳು

ಗುರುತಿಸಿದ ಪಟ್ಟಿಯಲ್ಲಿ ಕಟ್ಟಡ ಕಟ್ಟುವುದು, ಬಾವಿ ಅಥವಾ ಕೆರೆ ತೋಡುವುದು ಹಾಗೂ ಮರ ನೆಡುವುದನ್ನು ನಿಷೇಧಿಸಲಾಗಿದೆ. ಅಡಿಕೆ ತೋಟ ಹೊಂದಿರುವವರು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು.

ಸಾರ್ವಜನಿಕರ ಗಮನಕ್ಕೆ

ಊರಿನಿಂದ ದೂರವಿರುವವರಿಗೆ ಅಧಿಸೂಚನೆಯ ವಿಷಯ ತಡವಾಗಿ ತಿಳಿದು, 21 ದಿನಗಳ ಅವಧಿ ಮೀರುವ ಸಂಭವವಿರುತ್ತದೆ. ಆದ್ದರಿಂದ ಪಹಣಿಯಲ್ಲಿ ತಮ್ಮ ಹೆಸರು ದಾಖಲಾಗಿರುವುದನ್ನು ಖಚಿತಪಡಿಸಿಕೊಂಡು, ಪೌತಿ ಖಾತೆ ಬಾಕಿಯಿದ್ದಲ್ಲಿ ಕೂಡಲೇ ಅರ್ಜಿ ಸಲ್ಲಿಸುವುದು ಹಾಗೂ ಗ್ರಾಮ ನಕ್ಷೆಯ ಪ್ರತಿಯನ್ನು ಪಡೆದಿಟ್ಟುಕೊಳ್ಳುವುದು ಸೂಕ್ತ.